ಒಲೆಯ ಮುಂದಿನ ಕುರ್ಚಿ

ಹಿಂದಿನ ಕೋಣೆಯಿಂದ,
ನವೆಂಬರ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರಗಳು.

ಕೆಮ್ಮು ಹೇಗಿದೆ? ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುವುದು ಕಡಿಮೆಯಾಯಿತೆ? ಫೋನಿನಲ್ಲಿ ಕೇಳಿದರೆ ನಿಮ್ಮ ತಂಗಿ "ಅಕ್ಕ ಆರಾಮಾಗಿದಾಳೆ" ಅನ್ನುತ್ತಾರೆ. ಅವರ ಪ್ರಕಾರ ಕಣ್ಣು ಬಿಟ್ಟುಕೊಂಡಿರುವವರೆಲ್ಲ ಆರಾಮವೇ. ನಿಮ್ಮ ಕೈಗೆ ಫೋನು ಕೊಡಿಸಿದರೆ ನೀವು ಎರಡು ಸಲ ಹೂಂಗುಟ್ಟಿ ವಾಪಸ್ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಔಷಧಿಯನ್ನು ಅಲ್ಲಿಯೂ ಹೂವಿನ ಕುಂಡಕ್ಕೆ ಸುರಿಯಬೇಡಿ. ಇಲ್ಲಿ ನೀವು ಸುರಿದ ಕುಂಡದ ಗಿಡ ಇನ್ನೂ ತಲೆ ಎತ್ತಿಲ್ಲ. ನಿಮ್ಮ ಮಗ ಚೆನ್ನಾಗಿದ್ದಾರೆ. ಕೆಲಸದಿಂದ ಬಂದವರೇ ಸೋಫಾದ ಮೇಲೆ ಬೀಳುತ್ತಾರೆ, ಅಮ್ಮ ಯಾವಾಗ ಬರ್ತಾಳೆ ಎಂದು ನನ್ನನ್ನು ಕೇಳುತ್ತಾರೆ, ನಿಮ್ಮನ್ನು ಮಾತ್ರ ಕೇಳುವುದಿಲ್ಲ. ಅಪ್ಪನಂತೆಯೇ.

ದೊಡ್ಡ ಸುದ್ದಿ ಏನೆಂದರೆ, ಗೆಳೆಯರ ಜೊತೆ ಆಡುವ ಕಥೆಯಾಟದ ಗೊಂಬೆಗಳಿಗೆಂದು ಮಾವ ಶುರುಮಾಡಿ, ತೀರಿಕೊಳ್ಳುವಾಗ ಅರ್ಧಕ್ಕೆ ಬಿಟ್ಟುಹೋದ ಪುಟ್ಟ ತಂಗುಮನೆಯನ್ನು ನಾನು ಮುಗಿಸಿದ್ದೇನೆ. ನಗಬೇಡಿ. ದಿನಾ ಲ್ಯಾಬಿನಲ್ಲಿ ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವ ಕೈ ಇದು, ಬೆರಳುದ್ದದ ಬೆಂಚು ಮಾಡುವುದು ಅದಕ್ಕೇನು ಮಹಾ? ಕಾಫಿ ಕಲಕುವ ಕಡ್ಡಿಗಳನ್ನು ಸೀಳಿ ನೆಲಕ್ಕೆ ಹಲಗೆ ಹಾಸಿದೆ. ಕಂದು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಬಿಟ್ಟೆ. ಅದು ಸಂದುಗೊಂದಿಗೆ ಇಳಿದು, ಹೊಸ ಕಡ್ಡಿಗಳೆಲ್ಲ ನೂರು ವರ್ಷ ಯಾರೋ ತುಳಿದಾಡಿದ ಹಲಗೆಗಳಾದವು. ಮಾಂತ್ರಿಕನಿಗೆ ಪುಸ್ತಕದ ಕಪಾಟು, ಕುಬ್ಜರಿಗೆ ಗಿಡ್ಡ ಸ್ಟೂಲು, ರಾಕ್ಷಸ ಬಂದರೆ ಮುರಿಯದಿರಲೆಂದು ಕಬ್ಬಿಣದ ಪಟ್ಟಿಯ ಬೆಂಚು. ಮಾವ ಚೀಟಿಯಲ್ಲೇನೂ ಬರೆದಿಟ್ಟಿರಲಿಲ್ಲ, ಆದರೆ ಅವರು ಮಾಡಿದ್ದ ಅರ್ಧವನ್ನು ನೋಡಿದರೆ ಉಳಿದರ್ಧ ತಾನಾಗಿಯೇ ತಿಳಿಯುತ್ತಿತ್ತು. ಯಾರಿಗೂ ಕಾಣದ ಮೇಜಿನ ಅಡಿಭಾಗಕ್ಕೂ ಬಣ್ಣ ಹಚ್ಚಿದ್ದರು. ನಾನೂ ಹಚ್ಚಿದೆ.

ಒಲೆಯ ಮುಂದೆ ಮಾತ್ರ ಒಂದು ಕೊರತೆ ಉಳಿಯಿತು. ಅಲ್ಲಿ ಮಾವನೇ ಮಾಡಿದ ಒಂದು ಕುರ್ಚಿ ಇತ್ತು. ಅದರ ಪಕ್ಕದಲ್ಲಿ, ಇನ್ನೊಂದು ಕುರ್ಚಿಯ ಕಾಲುಗಳು ಬರಬೇಕಾದ ಕಡೆ, ನೆಲದ ಮೇಲೆ ಪೆನ್ಸಿಲಿನ ನಾಲ್ಕು ಚುಕ್ಕಿಗಳಿದ್ದವು. ಆ ಕುರ್ಚಿಗಾಗಿ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಹುಡುಕಿದೆ, ಸಿಗಲಿಲ್ಲ. ನಾನೇ ಒಂದು ಮಾಡೋಣವೆಂದರೆ ಅವರ ಮಾತು ನೆನಪಾಯಿತು. "ಖಾಲಿ ಕುರ್ಚಿ ಇಡಬಾರದಮ್ಮ. ಇಟ್ರೆ ಕೂರೋರು ಯಾರಾದ್ರೂ ಬಂದೇ ಬರ್ತಾರೆ." ಆಟದಲ್ಲಿ ಹಾಗೇ ಆಗುತ್ತಿತ್ತಲ್ಲ. ಆಟದ ಕಥೆ ನಡೆಸುವ ಅವರ ಗೆಳೆಯ, ಆ ಗಡಿಯಾರ ರಿಪೇರಿಯವರು, ಖಾಲಿ ಕುರ್ಚಿ ಕಂಡ ತಕ್ಷಣ ಅಲ್ಲಿಗೆ ಯಾವನೋ ದಾರಿಹೋಕನನ್ನು ತಂದು ಕೂರಿಸಿ ಎಲ್ಲರ ಜೀವ ತಿನ್ನುತ್ತಿದ್ದರು. ಅದಕ್ಕೇ ಮಾವ, ಪ್ರತಿ ಕುರ್ಚಿಗೂ ಒಬ್ಬನನ್ನು ಕೂರಿಸಿಯೇ ಕೆಲಸ ಮುಗಿಯಿತು ಅನ್ನುತ್ತಿದ್ದುದು. ನಾನು ಚುಕ್ಕಿಗಳನ್ನು ಹಾಗೆಯೇ ಬಿಟ್ಟೆ. ಇದ್ದ ಕುರ್ಚಿಯಲ್ಲಿ, ಬೋಳುತಲೆಯ ಮೇಲೆ ಕನ್ನಡಕ ಏರಿಸಿಕೊಂಡ ಅವರದೇ ಗೊಂಬೆಯನ್ನು ಒಲೆಯ ಕಡೆಗೆ ಮುಖ ಮಾಡಿ ಅಂಟಿಸಿದೆ. ಅಂಟಿಸುವಾಗ ಅಳು ಬಂತು, ಅತ್ತೆ. ಬೆಂಕಿ ಕಾಯಿಸಿಕೊಳ್ಳಲು ಅವರೊಬ್ಬರನ್ನೇ ಬಿಟ್ಟು ಬಂದ ಹಾಗಾಯಿತು.

ನೀವು ಈ ಮನೆ ಬಿಟ್ಟು ಹೋಗುವ ದಿನ ಹೇಳಿದ್ದಿರಿ, "ಅವರು ಇನ್ನೂ ಆ ಕೋಣೇಲಿ ಏನೋ ಉಜ್ತಾ ಇದಾರೆ" ಎಂದು. ಇಲಿ ಇರಬೇಕು ಅಂದಿದ್ದೆ. ಈಗ ಹೇಳುತ್ತೇನೆ, ನಿಮ್ಮ ಮಗನಿಗೆ ಹೇಳಬೇಡಿ, ನನಗೂ ಕೇಳುತ್ತದೆ. ಲ್ಯಾಬಿನಿಂದ ಬಂದು ಮಧ್ಯಾಹ್ನ ತಟ್ಟೆ ತೊಳೆಯುತ್ತಿರುವಾಗ ಮರಳುಕಾಗದದ ಸದ್ದು. ಮೂರ್ನಾಲ್ಕು ಎಳೆತ, ಆಮೇಲೆ ಉಫ್ ಎಂದು ಪುಡಿ ಊದುವುದು. ಇಲಿ ಉಜ್ಜಬಹುದು, ಊದುತ್ತದೆಯೆ? ಮೊದಮೊದಲು ನಲ್ಲಿ ಜೋರಾಗಿ ಬಿಟ್ಟುಕೊಂಡು ಕೇಳಿಸದ ಹಾಗೆ ಮಾಡುತ್ತಿದ್ದೆ. ಈಗ ನಲ್ಲಿ ನಿಲ್ಲಿಸಿ ಕೇಳುತ್ತೇನೆ. ಭಯವಾಗುತ್ತದೆ. ಸದ್ದು ನಿಂತರೆ ಅದಕ್ಕಿಂತ ಬೇಸರವಾಗುತ್ತದೆ.

ಇನ್ನು ನನ್ನ ಘನಕಾರ್ಯ. ತಂಗುಮನೆಯ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ಕನ್ನು ಬಿಳಿ ಗೋಂದಿನಲ್ಲೇ ಕೂರಿಸಬೇಕು. ನನಗೋ ಅವಸರ, ದಿಢೀರ್ ಅಂಟು ಹಾಕಿ, ಅದರ ಮೇಲೆಯೇ ಛಾವಣಿಯನ್ನೂ ಗಟ್ಟಿಯಾಗಿ ಅಂಟಿಸಿಬಿಟ್ಟೆ. ಬೆಳಿಗ್ಗೆ ನೋಡಿದರೆ ಕಿಟಕಿಗಳೆಲ್ಲ ಒಳಗಿನಿಂದ ಬೆಳ್ಳಗೆ, ಚಳಿಯಲ್ಲಿ ಯಾರೋ ಉಸಿರು ಬಿಟ್ಟಂತೆ ಮಂಜು. ಮಾವನ ಜೊತೆ ಆಡುತ್ತಿದ್ದ ಬಸ್ ಡ್ರೈವರಣ್ಣನನ್ನು ಕರೆಸಿದೆ. ಅವರು ಹಣೆ ಚಚ್ಚಿಕೊಂಡು, "ಅಂಟಿನ ಆವಿ ಕಣಮ್ಮ ಅದು. ಒಳಗಿನಿಂದ ಒರೆಸಿದ್ರೆ ಹೋಗುತ್ತೆ. ಬಾಗಿಲೂ ತೆಗೆಯೋಲ್ಲ, ಛಾವಣೀನೂ ಮುಚ್ಚಿದೀರಿ, ಯಾರನ್ನ ಕಳಿಸ್ತೀರಿ ಒಳಗೆ?" ಎಂದು ನಕ್ಕರು. ನಾನೂ ನಕ್ಕೆ. ಮಂಜು ಹಾಗೆಯೇ ಇದೆ. ಚಳಿಗಾಲದ ತಂಗುಮನೆ ಎಂದುಕೊಂಡರಾಯಿತು.

ಅತ್ತೆ, ಮನೆಗೆ ಬನ್ನಿ. ಬರುವ ತಿಂಗಳ ಮೊದಲ ಭಾನುವಾರ ಗೆಳೆಯರೆಲ್ಲ ಸೇರಿ ಈ ತಂಗುಮನೆಯಲ್ಲಿ ಮೊದಲ ಆಟ ಆಡುತ್ತಾರಂತೆ. ನೀವು ಆಡುವುದು ಬೇಡ, ಬಾಗಿಲಲ್ಲಿ ನಿಂತು "ಮುದುಕರಾದ್ರೂ ಗೊಂಬೆ ಬಿಡಲಿಲ್ಲ" ಎಂದು ಬೈದರೆ ಸಾಕು. ಬೈಯುವವರಿಲ್ಲದೆ ಅವರಿಗೂ ಕೈ ಓಡುತ್ತಿಲ್ಲ. ನಿಮ್ಮ ಕೆಂಪು ಶಾಲು ಹೊದ್ದು ಬನ್ನಿ. ಅದರ ಮೂಲೆಯನ್ನು ಮಾವ ಕತ್ತರಿಸಿದ್ದಕ್ಕೆ ನೀವು ವಾರಗಟ್ಟಲೆ ಮಾತು ಬಿಟ್ಟಿರಿ, ಅವರು ಆ ತುಂಡನ್ನು ಏನು ಮಾಡಿದರೆಂದು ಕೊನೆಗೂ ಬಾಯಿಬಿಡಲಿಲ್ಲ. ಮೊಂಡರಿಬ್ಬರೂ. ನೀವಿಲ್ಲದೆ ಈ ಮನೆ ನನಗೆ ತುಂಬಾ ದೊಡ್ಡದಾಗಿದೆ. ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಚಿಕ್ಕತ್ತೆಗೆ ನನ್ನ ನೆನಪು ತಿಳಿಸಿ. ನಿಮ್ಮ ಕಾಲು ಮುಟ್ಟಿದೆನೆಂದು ತಿಳಿದು, ಹೊಗಳದಿದ್ದರೂ ಹರಸಿ.

ಇತಿ,
ನಿಮ್ಮ ಸೊಸೆ,
ಹಲ್ಲಿನವಳು

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಕಿಟಕಿಯನ್ನು ಇನ್ನೊಮ್ಮೆ ನೋಡೋಣವೆಂದು ಟಾರ್ಚ್ ಹಿಡಿದೆ. ಒಂದು ಕಿಟಕಿಯ ನಡುವೆ ಮಂಜು ಒರೆಸಿದೆ, ಅಕ್ಕಿಕಾಳಿನಷ್ಟು ಜಾಗ. ಒಳಗಿನಿಂದ. ಛಾವಣಿಯ ಅಂಟು ಎಲ್ಲೂ ಬಿಟ್ಟಿಲ್ಲ. ಅಲ್ಲಿಂದ ಒಲೆ ಕಾಣುತ್ತದೆ. ನಾಲ್ಕು ಚುಕ್ಕಿಗಳ ಮೇಲೆ ಕುರ್ಚಿ ಬಂದಿದೆ. ಅದರ ಮೆತ್ತೆ ನಿಮ್ಮ ಶಾಲಿನ ತುಂಡು. ಕುರ್ಚಿ ಖಾಲಿ ಇದೆ, ಮಾವನ ಗೊಂಬೆ ಅದರ ಕಡೆ ತಿರುಗಿ ಕೂತಿದೆ. ಅತ್ತೆ, ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡಿ. ಬರಬೇಡಿ. ಮಗ ಕರೆಯಲು ಬಂದರೂ ಹೊರಡಬೇಡಿ. ಈ ಪತ್ರ ಕೈಗೆ ಬಂದ ದಿನವೇ ಡಾಕ್ಟರಿಗೆ ಎದೆ ತೋರಿಸಿ, ಔಷಧಿ ಕುಡಿಯಿರಿ, ನನ್ನ ಮೇಲಾಣೆ. ಕಿಟಕಿಗೆ ಬಾಯಿ ಹಚ್ಚಿ ಮಾವನಿಗೆ ಹೇಳಿದ್ದೇನೆ, ಈಗಲೇ ಬೇಡ, ಇನ್ನೂ ಕೆಲವು ವರ್ಷ ನಮಗೆ ಬಿಡಿ ಎಂದು. ಬಣ್ಣದ ಒಂದೊಂದು ಪದರ ಒಣಗುವ ತನಕ ಕೈಕಟ್ಟಿ ಕೂರುತ್ತಿದ್ದ ಮನುಷ್ಯ, ಕಾಯುತ್ತಾರೆ.