ಖಾಲಿ ಚೌಕದ ಮಳೆ

ಹೆಬ್ಬಳ್ಳಿ
೧೧ ಜೂನ್ ೨೦೨೫

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಜೈಲಿನಲ್ಲಿ ಕೆಮ್ಮಿಗೆ ಔಷಧ ಕೊಡುತ್ತಾರೋ ಇಲ್ಲವೋ? ಕಳೆದ ಸಲ ಭೇಟಿಗೆ ಬಂದಾಗ ಅಂಗಿ ನಿನ್ನ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಇಲ್ಲಿ ಅವ್ವನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಸಾನ್ವಿ ಶಾಲೆಗೆ ಹೋಗುತ್ತಿದ್ದಾಳೆ. ನಿನ್ನನ್ನು ಕೇಳುತ್ತಾಳೆ, ತಾಯಿಯನ್ನು ಕೇಳುವುದು ಬಿಟ್ಟಿದ್ದಾಳೆ.

ನಿನ್ನೆ ವಕೀಲರಾದ ಯಶೋಧರಾ ಮೇಡಂ ನನ್ನನ್ನು ಧಾರವಾಡಕ್ಕೆ, ಮಳೆ ಲೆಕ್ಕ ಇಡುವ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಸುಕನ್ಯಾ ಅತ್ತಿಗೆ ಹಳ್ಳದಲ್ಲಿ ಕೊಚ್ಚಿಹೋದ ದಿನ ನಮ್ಮೂರಲ್ಲಿ ನಾಲ್ಕೇ ಮಿಲಿಮೀಟರ್ ಮಳೆ ಎಂದು ಪೊಲೀಸರು ತಂದ ಕಾಗದ ಅಲ್ಲಿಯದೇ. ಅಷ್ಟಕ್ಕೆ ಹಳ್ಳ ತುಂಬಿ ಬರುವುದಿಲ್ಲ, ಆದ್ದರಿಂದ ನೀನೇ ಅವಳನ್ನು ಮಡುವಿಗೆ ನೂಕಿದೆ ಎಂದಲ್ಲವೇ ಅವರ ವಾದ. "ನಾಕ ಹನಿಗೆ ಹೆಣ್ಮಗಳು ಹರಕೊಂಡ ಹೊಕ್ಕಾಳೇನೋ?" ಎಂದು ಹೊಳೆಯಪ್ಪ ಕಾಕಾ ಕಟ್ಟೆಯ ಮೇಲೆ ಕೂತು ನಗುತ್ತಾನೆ.

ಕಚೇರಿಯ ಮಡಿವಾಳಪ್ಪ ಸಾಹೇಬರು ಕಂಪ್ಯೂಟರಿನಲ್ಲಿ ಜಿಲ್ಲೆಯ ನಕಾಶೆ ತೋರಿಸಿದರು. ಹಳೆ ಬಟ್ಟೆಯ ತುಂಡು ಹೊಲಿದ ಕೌದಿಯಂತೆ ಚೌಕ ಚೌಕ, ಒಂದೊಂದಕ್ಕೂ ಒಂದು ಮಳೆಯ ಅಂಕಿ. ನಮ್ಮೂರಿನ ಚೌಕ ಆ ದಿನ ಖಾಲಿ ಇತ್ತಂತೆ ಅಣ್ಣಾ. ಪಂಚಾಯ್ತಿ ಹಿಂದಿನ ಮಳೆ ಅಳೆಯುವ ಯಂತ್ರದಿಂದ ಸುದ್ದಿಯೇ ಹೋಗಿರಲಿಲ್ಲ. ಅದು ಬಿಸಿಲಿನಿಂದ ನಡೆಯುವುದು. ಮಹಾನವಮಿ ಬಂತೆಂದು ಓಣಿಯ ಹೆಂಗಸರೆಲ್ಲ ಕೌದಿ ಒಗೆದು ಅದರ ಬೇಲಿಗೆ, ಕಂಬಕ್ಕೆ, ಗಾಜಿನ ಹಲಗೆಯ ಮೇಲೆ ಒಣಹಾಕಿದ್ದು ನಿನಗೂ ನೆನಪಿರಬೇಕು. ವಾರವಿಡೀ ಬಿಸಿಲು ಕಾಣದೆ ಯಂತ್ರ ಸುಮ್ಮನಾಯಿತು. ಅತ್ತಿಗೆಯ ಕೌದಿಯೂ ಅಲ್ಲಿತ್ತು. ಉಳಿದ ಎರಡನ್ನು ಒಗೆಯಲೆಂದೇ ಅವಳು ಹಳ್ಳಕ್ಕೆ ಹೋಗಿದ್ದಳು.

"ಖಾಲಿ ಬಿಟ್ರ ನಕಾಶಿ ಪೂರಾ ಆಗೂದಿಲ್ಲ ನೋಡವಾ, ಸನೇದ ಚೌಕದ ಅಂಕಿ ಹಾಕಿ ತುಂಬತೇವಿ" ಎಂದರು ಸಾಹೇಬರು. ಸುತ್ತಲಿನ ಊರುಗಳಲ್ಲಿ ಅಂದು ತುಂತುರು, ಅದೇ ನಮ್ಮದೂ ಆಯಿತು. "ಹಂಗಾರ ಇವರೂರಾಗ ಖರೇ ಎಷ್ಟ ಆತ್ರಿ?" ಎಂದು ಮೇಡಂ ಕೇಳಿದರೆ, "ಅದು ಯಾರಿಗೂ ಗೊತ್ತಿಲ್ರಿ" ಎಂದರು. ಅವರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು.

ಓಣಿಯವರೂ ಬೇರೆ ಏನು ಮಾಡಿದರು? ಮುಂಜಾನೆ ನಿಮ್ಮಿಬ್ಬರ ಜಗಳ ಕೇಳಿದವರು ಮಧ್ಯಾಹ್ನದ ಮಳೆಯನ್ನು ಮರೆತಿದ್ದಾರೆ. ಅವ್ವ ಅಂದು ಹೊಲದಿಂದ ಸೆರಗು ಹಿಂಡುತ್ತ ಬಂದವಳು. ಇವತ್ತು ರೊಟ್ಟಿ ಬಡಿಯುತ್ತ, "ಖರೇನ ಅಷ್ಟ ಮಳಿ ಆಗಿತ್ತೇನ ಸೌಮ್ಯಾ?" ಎಂದು ನನ್ನನ್ನೇ ಕೇಳಿದಳು. ನಾನು ಒಲೆ ಊದುತ್ತ ಕೂತೆ.

ಊಟ ಬಿಡಬೇಡ. ಅವ್ವನ ಆಶೀರ್ವಾದಗಳು. ಬರೆಯೆಂದು ಅವಳು ಹೇಳಲಿಲ್ಲ, ನಾನೇ ಬರೆದಿದ್ದೇನೆ.

ನಿನ್ನ ತಂಗಿ,
ಸೌಮ್ಯಾ

ತಾ.ಕ.: ಅಂಚೆಯ ಹೊತ್ತಾಯಿತು. ಆ ಅಂಕಿ ಅಳೆದದ್ದಲ್ಲ ಎಂದಷ್ಟೇ ಸಾಹೇಬರು ಕೋರ್ಟಿನಲ್ಲಿ ಹೇಳುತ್ತಾರಂತೆ. ಅದು ಸಾಲದು, ಹಳ್ಳ ಬಂದದ್ದನ್ನು ಕಂಡವರು ಬೇಕು ಎಂದರು ಮೇಡಂ. ಆ ಮಧ್ಯಾಹ್ನ ಅತ್ತಿಗೆಗೆ ಬುತ್ತಿ ಒಯ್ದಾಗ ಒಗೆಯುವ ಕಲ್ಲು ಕೆಂಪು ನೀರಲ್ಲಿ ಮುಳುಗಿದ್ದನ್ನು ನಾನು ಕಂಡಿದ್ದೇನೆ. ಪೊಲೀಸರು ನನ್ನನ್ನು ಕೇಳಿರಲಿಲ್ಲ, ನಾನಾಗಿ ಹೇಳಲು ಹೆದರಿದ್ದೆ. ಸೋಮವಾರ ಸಾಕ್ಷಿ ಹೇಳುತ್ತೇನೆ. ಆಗ ನನ್ನ ಕಡೆ ನೋಡಬೇಡ ಅಣ್ಣಾ, ದನಿ ಹೋಗುತ್ತದೆ.