ನುಗ್ಗೆ ಮರದ ಮೇಲೆ ಹೊರಿಸಿದ ತಪ್ಪು

ಅಮ್ಮಾ,

ನೀನು ನೆಟ್ಟಿದ್ದ ನುಗ್ಗೆಯ ಬುಡದಲ್ಲಿ ಇವತ್ತು ಬೆಳಿಗ್ಗೆ ಒಂದು ಚಿಗುರು ಕಂಡೆ. ಮರ ಕಡಿಸಿದ್ದನ್ನು ನಿನಗಿನ್ನೂ ಹೇಳಿರಲಿಲ್ಲ.

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸರ ಹಾರ್ಮೋನ್ ಇಳಿಸುವ ಇಂಜೆಕ್ಷನ್ ಕೊಡುತ್ತಿದ್ದರು. ಆರು ತಿಂಗಳಾದರೂ ಅದು ಇಳಿಯಲಿಲ್ಲ. "ನಿಮ್ಮಪ್ಪ ಕದ್ದು ನುಗ್ಗೆಕಾಯಿ ತಿಂತಾರ. ಅದು ಗಂಡಸ್ತನ ಏರಿಸತೈತೆ, ಸೂಜಿ ಹೆಂಗೆ ನಾಟತೈತೆ?" ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ದಿನಾ ಊಟವಾದ ಮೇಲೆ ಅಪ್ಪನ ಕೈ ಮೂಸಿ ನೋಡಿದವಳು ನಾನು. ಕೊಡಲಿಯವನನ್ನು ಕರೆತಂದವಳೂ ನಾನೇ.

ಇವತ್ತು ದಾವಣಗೆರೆಯಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿದರು. ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಒಂದು ಗಡ್ಡೆಯಿದೆಯಂತೆ. ಇಂಜೆಕ್ಷನ್ ವೃಷಣಗಳ ಕೆಲಸ ನಿಲ್ಲಿಸಿದ್ದರೂ ಆ ಹಾರ್ಮೋನನ್ನು ತಯಾರಿಸುತ್ತಿದ್ದದ್ದು ಅದೇ.

"ದಾವಣಗೆರೆ ದೊಡ್ಡ ಮಿಲ್ಲಿಗೆ ಬೀಗ ಬಿದ್ರೂ ಪಕ್ಕದ ಕರೂರಾಗೆ ಸಣ್ಣ ಫ್ಯಾಕ್ಟರಿ ನಡೀತಿತ್ತು ಅನ್ರಿ!" ಎಂದರು ಅಪ್ಪ. ಆಮೇಲೆ ನಮ್ಮ ಜೊತೆ ಬಂದಿದ್ದ ದೊಡ್ಡಮ್ಮನತ್ತ ಕೈ ತೋರಿಸಿ, "ನುಗ್ಗೆಕಾಯಿದೇನೂ ತಪ್ಪಿಲ್ಲ ಅಂತ ನಮ್ಮ ಅತ್ತಿಗೆಗೆ ಚೀಟಿನಾಗೆ ಬರ್ಕೊಡ್ರಿ ಸಾರ್" ಎಂದರು. ದೊಡ್ಡಮ್ಮ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು.

ಸೋಮವಾರ ಆಪರೇಷನ್. ಹರಿಹರಕ್ಕೆ ಬರುವ ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟರು.

ಚಿಗುರಿನ ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದೇನೆ. ಅದು ಮರವಾಗಲು ವರ್ಷ ಬೇಕು, ನಾನು ಅಷ್ಟು ತಡ ಮಾಡುವುದಿಲ್ಲ. ನಾಳೆ ಪೇಟೆಯಿಂದ ನುಗ್ಗೆಕಾಯಿ ತಂದು, ನೀನು ಬದುಕಿದ್ದಾಗ ಮಾಡುತ್ತಿದ್ದ ಹಾಗೆ ಸಾರು ಮಾಡಿ, ಅಪ್ಪನಿಗೆ ನಾನೇ ಬಡಿಸುತ್ತೇನೆ.