ಜೋಡಿಮನೆಗೆ ಬಣ್ಣ

ಹೊನ್ನಾಳಿ, ಫೆಬ್ರವರಿ 6, 1984

ಚನ್ನಗಿರಿ ರೂಟ್. ಎರಡು ಟ್ರಿಪ್. ಟಿಕೆಟ್ ಹರಿಯುವುದು ಕೈಗೆ, ನೋಡುವುದು ಕಣ್ಣಿಗೆ ಅಂತ ಕೆಲಸ ಹಂಚಿಕೊಟ್ಟಿದ್ದೇನೆ. ದಾರಿಯುದ್ದಕ್ಕೂ ಹನ್ನೊಂದು ಮನೆಗಳ ಬಣ್ಣ ಬರೆದುಕೊಂಡೆ, ಸಿಗರೇಟ್ ಪ್ಯಾಕಿನ ಒಳಕಾಗದದ ಮೇಲೆ. ಚನ್ನಗಿರಿ ಪೇಟೆಯಲ್ಲಿ ಒಂದು ಮನೆ — ಬಿಳಿ ಗೋಡೆ, ಕಂಬ ಮಾತ್ರ ನೇರಳೆ. ಅದನ್ನು ನೋಡುತ್ತಾ ಸಾಸ್ವೆಹಳ್ಳಿಯವನಿಗೆ ಹೊನ್ನಾಳಿ ಟಿಕೆಟ್ ಕೊಟ್ಟುಬಿಟ್ಟೆ. ಡ್ರೈವರ್ ಉಚ್ಚಂಗೆಪ್ಪ ಕನ್ನಡಿಯಲ್ಲೇ ನಗುತ್ತಿದ್ದ.

ಯುಗಾದಿಗೆ ಮುಂಚೆ ನಮ್ಮ ಮನೆಯ ಬಣ್ಣದ ಕೆಲಸವೆಲ್ಲ ಮುಗಿಯಬೇಕು. ಮನೆ ಹಳೆಯದು, ಅರ್ಧ ಮಾತ್ರ ನಮ್ಮದು. ಒಂದೇ ಮಾಡು, ಒಂದೇ ಜಗಲಿ, ಮುಂದೆ ಉದ್ದಕ್ಕೆ ಒಂದೇ ಗೋಡೆ, ಬಾಗಿಲು ಮಾತ್ರ ಎರಡು. ಇನ್ನರ್ಧದಲ್ಲಿ ಬಟ್ಟೆ ಅಂಗಡಿ ಷಣ್ಮುಖಪ್ಪ, ಅವರ ಹೆಂಡತಿ ಕಸ್ತೂರಮ್ಮ. ನಮ್ಮ ಕೇರಿಯಿಂದ ಈ ಬೀದಿಗೆ ಬಂದವರು ನಾವೇ ಮೊದಲು. ನಾವು ಸಾಮಾನು ಇಳಿಸಿದ ಮೂರನೇ ದಿನ ಷಣ್ಮುಖಪ್ಪ ಜಗಲಿ ನಡುವೆ ಬಿದಿರಿನ ತಟ್ಟಿ ಕಟ್ಟಿಸಿದರು. ಮಾತಿಲ್ಲ, ಬೈಗುಳವೂ ಇಲ್ಲ. ತಟ್ಟಿ ಮಾತ್ರ.

ಇರಲಿ. ಬಣ್ಣದ ವಿಷಯ ಬರೆಯಲು ಕೂತವನು.

ಫೆಬ್ರವರಿ 9

ಇವತ್ತು ಕುಣಿಯುವ ದಿನ. ಮುಂಬಾಗಿಲಿಗೆ ಯಾವ ಕಾಲದಲ್ಲೋ ಬಳಿದ ಕರಿ ಪೇಂಟು, ಅದರ ಮೇಲೆ ಹಸಿರು, ಅದರ ಮೇಲೆ ಇನ್ನೊಂದು ಹಸಿರು. ಪೇಂಟರ್ ಮೂಕಪ್ಪ ಕೆರೆಯುತ್ತಾ ಕೆರೆಯುತ್ತಾ ಕೂಗಿ ಕರೆದ. ಒಳಗೆ ತೇಗ! ಅಂಗೈಯಗಲ ಕಾಣಿಸಿತ್ತು ಅಷ್ಟೆ. ಬೆಲ್ಲದ ಬಣ್ಣ. ಹೆಂಡತಿ ಭೀಮಕ್ಕ ಸೆರಗಿನಿಂದ ಒರೆಸಿ ಮುಖ ಹತ್ತಿರ ಇಟ್ಟು ಮೂಸಿದಳು. ಎನಾಮಲ್ ಪೇಂಟ್ ಬೇಡವೇ ಬೇಡವಂತೆ. ಮರ ಮರದ ಹಾಗೇ ಕಾಣಬೇಕು, ವಾರ್ನಿಷ್ ಸಾಕು. ಅಷ್ಟು ದಿನ ಪೇಂಟಿನ ಒಳಗೆ ಉಸಿರು ಕಟ್ಟಿಕೊಂಡು ಕೂತಿತ್ತು ಪಾಪ, ಅಂದಳು. ಮರಕ್ಕೆ ಹೀಗೆ ಮರುಗುವವಳು, ನನಗೆ ನೆಗಡಿಯಾದರೆ ತಿರುಗಿಯೂ ನೋಡುವುದಿಲ್ಲ.

ಫೆಬ್ರವರಿ 15

ಜಗಳೂರು ರೂಟ್ ಸಿಕ್ಕಿತು. ಅಲ್ಲಿಯ ಕೆಂಧೂಳಿನಲ್ಲಿ ಯಾವ ಗೋಡೆ ಗೆದ್ದಿದೆ ನೋಡಬೇಕಿತ್ತು. ಬಿಳಿ ಸೋತಿದೆ. ತಿಳಿನೀಲಿ ಸೋತು ಸುಣ್ಣವಾಗಿದೆ. ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಬಣ್ಣ ಕೊಟ್ಟವರು ಜಾಣರು. ಮಳೆ ಸಿಡಿದರೂ, ಧೂಳು ಕೂತರೂ ಗೊತ್ತಾಗುವುದಿಲ್ಲ.

ಬರುವಾಗ ದಾವಣಗೆರೆಯಲ್ಲಿ ಶೇಡ್ ಕಾರ್ಡ್ ತಂದೆ. ಅರವತ್ತನಾಲ್ಕು ಬಣ್ಣ, ಒಂದೊಂದೂ ಸ್ಟಾಂಪಿನಷ್ಟು. ಊಟದ ಹೊತ್ತಿಗೆ ನಾನು ಗಿಣಿಹಸಿರಿಗೆ ನಿಂತೆ, ಭೀಮಕ್ಕ ಹಳದಿಗೆ. ಸ್ಟಾಂಪು ನೋಡಿ ಮನೆಗೆ ಬಣ್ಣ ಹಚ್ಚುವುದು ಫೋಟೋ ನೋಡಿ ಮದುವೆಯಾದ ಹಾಗೆ ಅಂದಳು. ನಮ್ಮದೂ ಫೋಟೋ ನೋಡಿ ಆದದ್ದೇ.

ಫೆಬ್ರವರಿ 19

ವಾರದ ರಜೆ. ಮುಂದಿನ ಗೋಡೆ ಮೇಲೆ ಏಳು ಬಣ್ಣ, ಒಂದೊಂದು ಮೊಳದಗಲ ಹಚ್ಚಿಸಿದೆವು. ಬೀದಿಯವರೆಲ್ಲ ನೋಡಿಕೊಂಡು ಹೋದರು. ಗಿಣಿಹಸಿರು ನನ್ನ ಕಣ್ಣಿಗೆ ಹಬ್ಬ.

ಮಧ್ಯಾಹ್ನ ತಟ್ಟಿಯ ಆಚೆಯಿಂದ ದನಿ. ಕಸ್ತೂರಮ್ಮ. ಇಷ್ಟು ದಿನದಲ್ಲಿ ಮೊದಲ ಮಾತು.

"ಆ ಗಿಣಿಹಸಿರು ಬ್ಯಾಡ್ರಿ. ನಿಮ್ಮ ಬಾಗಿಲು ಭಾಳ ಚೆಂದ ಐತೆ, ಅದರ ಜತಿಗೆ ಜಗಳ ಆಡತೈತೆ. ಒಂದು ಸೀರಿಗೆ ಎರಡು ಸೆರಗು ಇರಾಕಿಲ್ಲ."

ಭೀಮಕ್ಕನ ಕೈಯಲ್ಲಿ ಬ್ರಷ್ಷು ಹಾಗೇ ನಿಂತಿತು. ಬಾಗಿಲು ಸೆರಗು, ಗೋಡೆ ಬರೀ ಒಡಲು, ಒಡಲು ಮೆತ್ತಗಿರಬೇಕು ಅಂತ ಆ ತಾಯಿ ಬಿಡಿಸಿ ಹೇಳಿದರು. ಆಮೇಲೆ ಒಳಗಿಂದ ಯಾರೋ ಕರೆದ ಹಾಗಾಯಿತು. ಹೊರಟುಹೋದರು.

ಗಿಣಿಹಸಿರು ಹೋಯಿತು. ಬೇಸರ ಆಗಬೇಕಿತ್ತು, ಆಗಲಿಲ್ಲ.

ಫೆಬ್ರವರಿ 21

ಡ್ಯೂಟಿ ಮುಗಿಸಿ ಬಂದರೆ ತಟ್ಟಿಯ ಸಂದಿಯಿಂದ ಬಟ್ಟೆ ತುಂಡುಗಳು ಬರುತ್ತಿವೆ. ಕಸ್ತೂರಮ್ಮ ಅಂಗಡಿಯಿಂದ ರವಿಕೆ ಕಣಗಳ ಚೂರು ತರಿಸಿದ್ದಾರೆ. ಒಂದೊಂದನ್ನೇ ಬಾಗಿಲಿಗೆ ಹಿಡಿದು ನೋಡುವುದು, ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ. ಇಪ್ಪತ್ತು ವರ್ಷದಿಂದ ಗಂಡನ ಅಂಗಡಿಗೆ ಯಾವ ಸೀರೆಗೆ ಯಾವ ಕಣ ಎಂದು ಮನೆಯಲ್ಲಿ ಕೂತೇ ಜೋಡಿಸುವವರು ಅವರಂತೆ. ಹೆಸರು ಮಾತ್ರ ಷಣ್ಮುಖಪ್ಪನವರದು.

ತೀರ್ಮಾನ ಆಯಿತು. ಗೋಡೆಗೆ ಜೋಳದ ಹಿಟ್ಟಿನ ಬಣ್ಣ. ಬುಡಕ್ಕೆ ಕೆಮ್ಮಣ್ಣು. ಬಾಗಿಲಿಗೆ ವಾರ್ನಿಷ್, ಹೊಳಪು ಕಮ್ಮಿ ಇರುವುದು. ಒಳಗೆ ಕೆಂಪು ಗಾರೆ ನೆಲ, ಸುತ್ತ ನಾಲ್ಕು ಬೆರಳಗಲ ಕಪ್ಪು ಪಟ್ಟಿ. ಬರೆಯುವಾಗಲೇ ಮೈ ಜುಂ ಎನ್ನುತ್ತಿದೆ.

ಮಾರ್ಚ್ 4

ಹನ್ನೊಂದು ದಿನ ಪೆನ್ನು ಹಿಡಿಯಲಿಲ್ಲ. ಡಬಲ್ ಡ್ಯೂಟಿ, ಅದರ ಮೇಲೆ ನೆಲದ ಕೆಲಸ. ಗಾರೆಗೆ ನೀರು ಕಟ್ಟಿ ನಿಲ್ಲಿಸಿ, ಒಣಗಿಸಿ, ತೆಂಗಿನೆಣ್ಣೆ ಹಾಕಿ ತಿಕ್ಕಿದ್ದಾಯಿತು. ಬೆಳಿಗ್ಗೆ ನೆಲದಲ್ಲಿ ಕಿಟಕಿ ಕಾಣಿಸಿತು, ಸರಳು ಸಮೇತ. ನಾನೂ ಭೀಮಕ್ಕನೂ ಹೊಸಿಲ ಹೊರಗೇ ನಿಂತೆವು. ಕಾಲಿಡಲು ಮನಸ್ಸಾಗಲಿಲ್ಲ.

ಮಾರ್ಚ್ 11

ಮುಂದಿನ ಗೋಡೆ ಮುಗಿಯಿತು. ಅಂದರೆ ನಮ್ಮ ಅರ್ಧ. ಮೂಕಪ್ಪ ದಾರ ಹಿಡಿದು ತಟ್ಟಿಯ ನೇರಕ್ಕೆ ಗೆರೆ ಎಳೆದು, ಅಲ್ಲಿಗೆ ಬ್ರಷ್ಷು ನಿಲ್ಲಿಸಿದ. ಹತ್ತಿರದಿಂದ ಬಂಗಾರ. ಬೀದಿಯ ಆಚೆ ಹೋಗಿ ತಿರುಗಿ ನೋಡಿದೆ. ಈ ಕಡೆ ಹೊಸದು, ಆ ಕಡೆ ಪಾಚಿ ಹಿಡಿದ ಸುಣ್ಣ. ಒಂದೇ ಮನೆಯನ್ನು ಗರಗಸ ಹಾಕಿ ಸೀಳಿದಂತೆ.

ಅದೇ ಹೊತ್ತಿಗೆ ಷಣ್ಮುಖಪ್ಪ ಅಂಗಡಿಯಿಂದ ಊಟಕ್ಕೆ ಬಂದರು. ನನ್ನಿಂದ ನಾಲ್ಕು ಮಾರು ದೂರ ನಿಂತು ಅವರೂ ನೋಡಿದರು.

"ಅರ್ಧ ಗಡ್ಡ ಬೋಳಿಸಿದಂಗೆ ಐತೆ" ಅಂದರು. ನನಗೆ ಹೇಳಿದ್ದೋ ಗೋಡೆಗೆ ಹೇಳಿದ್ದೋ ತಿಳಿಯದು. ಒಳಗೆ ಹೋದರು.

ಸುಣ್ಣ ಬಳಿಸಿ ಮೊದಲಿನಂತೆ ಮಾಡೋಣವೇ ಎಂದು ಭೀಮಕ್ಕನನ್ನು ಕೇಳಿದೆ. ಬಾಯಿ ತಪ್ಪಿ ಕೇಳಿದ್ದಲ್ಲ, ಹೆದರಿಯೇ ಕೇಳಿದೆ. ಅವಳು ವಾರ್ನಿಷ್ ಡಬ್ಬಿ ಮುಚ್ಚಳ ಬಡಿಯುತ್ತಿದ್ದಳು.

"ನಮ್ಮ ಗ್ವಾಡಿಗೆ ನಾವು ಬಣ್ಣ ಹಚ್ಚೀವಿ. ತಪ್ಪು ಏನೈತೆ ಹೇಳ್ರಿ."

ಏನೂ ಇಲ್ಲ. ಹಾಗಂತ ಇಲ್ಲೂ ಬರೆದಿಡುತ್ತೇನೆ.

ಮಾರ್ಚ್ 14

ನ್ಯಾಮತಿ ರೂಟ್. ಒಂದು ಮನೆಯನ್ನೂ ನೋಡಲಿಲ್ಲ. ಎರಡು ದಿನ ಕಸ್ತೂರಮ್ಮನ ಸುಳಿವಿಲ್ಲ. ತಟ್ಟಿಯಾಚೆ ಮಾತು ಜೋರಾಗಿ ಕೇಳಿ, ಆಮೇಲೆ ತಣ್ಣಗಾಯಿತಂತೆ. ಹೆಂಗಸಿನ ದನಿಯೇ ಹೆಚ್ಚು ಇತ್ತು ಅಂದಳು ಭೀಮಕ್ಕ.

ಮಾರ್ಚ್ 15

ಬೆಳಿಗ್ಗೆ ಆರೂವರೆ. ಬೂಟು ಕಟ್ಟುತ್ತಿದ್ದೆ. ಷಣ್ಮುಖಪ್ಪ ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಾರೆ! ಪಂಚೆ, ಹೆಗಲ ಮೇಲೆ ಟವೆಲ್ಲು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

"ಕಂಡಕ್ಟ್ರೇ, ಆ ಬಣ್ಣ ಇನ್ನೂ ಉಳದೈತೇನ್ರಿ?"

ಉಳಿದಿಲ್ಲ, ತರಿಸಬಹುದು, ನಂಬರ್ ಬರೆದಿಟ್ಟಿದ್ದೇನೆ ಎಂದೆ. ಯಾಕೆ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ಅವರು ರಸ್ತೆ ನೋಡುತ್ತಾ ಹೇಳಿದರು, ಅಂಗಡಿಗೆ ಬಂದವರೆಲ್ಲ ಅದನ್ನೇ ಆಡಿಕೊಳ್ಳುತ್ತಿದ್ದಾರಂತೆ — ಊರಿಗೆಲ್ಲ ಬಣ್ಣ ಜೋಡಿಸಿ ಕೊಡುವ ಮನೆಯವರು ನೀವು, ನಿಮ್ಮ ಗೋಡೆ ನೋಡಿ ಅಂತ. ಇಷ್ಟು ಹೇಳಿ, ಆ ಬಣ್ಣ ನಮ್ಮ ಮನೆಯಾಕೆ ಆರಿಸಿದ್ದಂತೆ ಅಂದರು.

ಹೌದು ಎಂದೆ.

ಮೂಕಪ್ಪ ಅಲ್ಲೇ ಇದ್ದ. ಯಜಮಾನರೇ, ತಟ್ಟಿ ಇದ್ದರೆ ಅದರ ಹಿಂದೆ ಬ್ರಷ್ಷು ಹೋಗುವುದಿಲ್ಲ ಎಂದ. ಸಹಜವಾಗಿ ಹೇಳಿದ, ಕೆಲಸದ ಮಾತು ಅಷ್ಟೆ. ಷಣ್ಮುಖಪ್ಪ ತಟ್ಟಿ ನೋಡಿದರು. ನಾನು ಬೂಟಿನ ದಾರ ನೋಡಿದೆ. ಅವರು ತಾವೇ ಹೋಗಿ ತಟ್ಟಿಯ ಹುರಿ ಬಿಚ್ಚಿದರು.

ಬಸ್ಸು ಆರು ನಿಮಿಷ ಲೇಟು. ಉಚ್ಚಂಗೆಪ್ಪನಿಗೆ ದಾರಿಯುದ್ದಕ್ಕೂ ಹೇಳಿದೆ. ಎರಡು ಸಲ ಹೇಳಿದೆ.

ಮಾರ್ಚ್ 18, ಮಧ್ಯಾಹ್ನ

ಗೋಡೆ ಒಂದಾಯಿತು! ಬೀದಿಯ ಆಚೆ ನಿಂತು ನೋಡಿದರೆ ಗೆರೆ ಎಲ್ಲಿತ್ತೆಂದು ಮೂಕಪ್ಪನಿಗೇ ಗೊತ್ತಾಗಲಿಲ್ಲ. ಅವರ ಬಾಗಿಲನ್ನೂ ಕೆರೆಯಲು ಶುರುಮಾಡಿದ್ದಾನೆ.

ಈಗ ಹೊಸ ಸಮಸ್ಯೆ. ಅವರ ನಡುಮನೆಗೆ ಡಿಸ್ಟೆಂಪರ್. ಕಸ್ತೂರಮ್ಮ ತಿಳಿಗುಲಾಬಿ ಅನ್ನುತ್ತಾರೆ, ಷಣ್ಮುಖಪ್ಪ ನೀಲಿ ಅನ್ನುತ್ತಾರೆ. ಜಗಳ ತೀರಿಸಲು ನನ್ನನ್ನೂ ಭೀಮಕ್ಕನನ್ನೂ ಕರೆದರು. ಹೊಸಿಲ ಹೊರಗೇ ನಿಂತು ಇಣುಕಿದೆ. ಕತ್ತಲೆ, ಏನೂ ತಿಳಿಯಲಿಲ್ಲ. ಆಗ ಷಣ್ಮುಖಪ್ಪನೇ —

"ಅಲ್ಲಿಂದ ಏನು ಕಾಣತೈತ್ರಿ? ಒಳಗೆ ಬಂದು ನೋಡ್ರಿ."

ಭೀಮಕ್ಕ ನನ್ನ ಮುಖ ನೋಡಲಿಲ್ಲ. ನೇರ ಒಳಗೆ ಹೋಗಿ ಕಿಟಕಿ ತೆರೆದಳು. ನಾನು ಶೇಡ್ ಕಾರ್ಡ್ ತರುತ್ತೇನೆಂದು ಇಲ್ಲಿಗೆ ಓಡಿ ಬಂದವನು, ಇಷ್ಟು ಬರೆದಿಡದೆ ಹೋಗಲು ಮನಸ್ಸಾಗಲಿಲ್ಲ. ಆ ಕೋಣೆಗೆ ಬೆಳಕು ಪಡುವಣದಿಂದ ಮಾತ್ರ. ನೀಲಿ ಸಪ್ಪಗಾಗುತ್ತದೆ. ಗುಲಾಬಿ ಸಂಜೆಗೆ ಕೆಂಪಗಾಗಿಬಿಡುತ್ತದೆ. ನನ್ನ ಪ್ರಕಾರ ಅಲ್ಲಿಗೆ ಸರಿ ಹೊಂದುವುದು — ಕೂಗುತ್ತಿದ್ದಾರೆ, ಹೋದೆ, ಬಂದು ಬರೆ